ಹುಳವಿಲ್ಲದ ಉಗ್ರಾಣ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ನನಗೆ ಜಾವಗಲ್ಲಿನ ಸಂತೆ ಹಾಗಿರಲಿ, ನನ್ನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದರೂ ಮಧ್ಯಾಹ್ನದ ಒಂದು ಜೊಂಪು ಹತ್ತುತ್ತಿರಲಿಲ್ಲ. ಇದಕ್ಕೆ ನನ್ನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ, ಅದು ವಂಶದಿಂದ ಬಂದದ್ದು. ಬೇರೆ ಮನೆತನಗಳಲ್ಲಿ ತೆಂಗಿನ ತೋಟ ಬರುತ್ತದೆ, ಬೆಳ್ಳಿಯ ಪಾತ್ರೆ ಬರುತ್ತದೆ, ಏನೂ ಇಲ್ಲದಿದ್ದರೆ ಒಂದು ಒಳ್ಳೆಯ ಕಂಠವಾದರೂ ಬರುತ್ತದೆ. ನಮ್ಮಲ್ಲಿ ಚಿಂತೆ ಬಂತು. ಅದೂ ಎಂಥ ಚಿಂತೆ! ಹುಲಿಯದ್ದಲ್ಲ, ಹಾವಿನದ್ದಲ್ಲ, ಎಳ್ಳು ಕಾಳಿನಷ್ಟು ದಪ್ಪವೂ ಇಲ್ಲದ ಒಂದು ಹುಳದ್ದು.

ನಾನು ಹಳೇಬೀಡಿನ ಶಾಲೆಯಲ್ಲಿ ಮೇಷ್ಟರಾಗಿದ್ದ ಕಾಲದ ಮಾತು ಇದು. ಮನೆಯಲ್ಲಿ ನಾನು, ನನ್ನ ಹೆಂಡತಿ ಶಾರದೆ, ನನ್ನ ತಂದೆಯ ಅಕ್ಕ ಸೀತತ್ತೆ, ಇಷ್ಟೇ ಜನ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅತ್ತೆ, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಮನೆ ನನ್ನದೆಂದು ಊರಿನವರು ತಿಳಿದಿದ್ದರು. ನಿಜ ಹೇಳಬೇಕೆಂದರೆ ಮನೆ ಇದ್ದದ್ದು ಉಗ್ರಾಣಕ್ಕಾಗಿ, ಉಗ್ರಾಣ ಇದ್ದದ್ದು ಸೀತತ್ತೆಯ ಕೈಯಲ್ಲಿ. ಬಸ್ತಿಹಳ್ಳಿಯ ಪಕ್ಕದ ಒಂದಿಷ್ಟು ಗದ್ದೆಯಿಂದ ಭತ್ತ ಬರುತ್ತಿತ್ತು, ಜಾವಗಲ್ಲಿನ ಕಡೆಯ ಹೊಲದಿಂದ ರಾಗಿ, ಅವರೆ, ತೊಗರಿ ಬರುತ್ತಿದ್ದವು. ರಾಗಿ ನೇರವಾಗಿ ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಅದು ಋಷಿಯಂತೆ ಕೂತು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ರಾಗಿಯ ವಿಷಯದಲ್ಲಿ ಅತ್ತೆಗೆ ಚಿಂತೆಯೇ ಇರಲಿಲ್ಲ. ಹಾಗಾಗಿ ಪ್ರೀತಿಯೂ ಅಷ್ಟಕ್ಕಷ್ಟೆ.

ಅವಳ ಪ್ರೀತಿಯೆಲ್ಲ ಅಕ್ಕಿ ಮತ್ತು ಕಾಳುಗಳ ಮೇಲೆ. ತೊಗರಿಗೆ ಕೆಮ್ಮಣ್ಣು ಕಟ್ಟಬೇಕು, ಅವರೆಗೆ ಬೂದಿ ಬೆರೆಸಬೇಕು, ಹೆಸರುಕಾಳಿಗೆ ಹರಳೆಣ್ಣೆ ಸವರಬೇಕು, ಅಕ್ಕಿಯ ಗುಡಾಣದೊಳಗೆ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಮುಚ್ಚಬೇಕು. ನಾಲ್ಕು ಮಕ್ಕಳಿಗೆ ನಾಲ್ಕು ಬಗೆಯ ಎಣ್ಣೆನೀರು ಹಾಕುವ ತಾಯಿಯ ಹಾಗೆ ಅವಳು ಒಂದೊಂದನ್ನೂ ವಿಚಾರಿಸಿಕೊಳ್ಳುತ್ತಿದ್ದಳು. ಇಷ್ಟಾದರೂ ಮೋಡದ ದಿನಗಳು ಬಂದವೆಂದರೆ ಸೊಂಡಿಲು ಹುಳ ಎಲ್ಲಿಂದಲೋ ಹಾಜರು. ಅಕ್ಕಿಯೊಳಗೆ ಕೈ ಇಟ್ಟರೆ ಕೈಮೇಲೆ ಹರಿದಾಡುತ್ತಿತ್ತು. ಅವರೆಯನ್ನು ಮೊರಕ್ಕೆ ಸುರಿದರೆ ಕಾಳಿಗೊಂದು ತೂತು, ತೂತಿಗೊಂದು ಕುಟ್ಟೆ ಹುಳ.

ಹುಳ ಬಂದದ್ದಕ್ಕಿಂತ ದೊಡ್ಡ ಚಿಂತೆ, ಅದು ಬಂದದ್ದು ಬೀದಿಗೆ ಗೊತ್ತಾಗಬಾರದು ಎನ್ನುವುದು. ನಮ್ಮ ಬೀದಿಯ ಹೆಂಗಸರ ನಡುವೆ ಎಂದಿನಿಂದಲೋ ನಡೆದು ಬಂದ ಒಂದು ಕಟ್ಟಳೆಯಿತ್ತು. ಹುಳ ಬರುವುದು ಪಕ್ಕದ ಮನೆಗೆ ಮಾತ್ರ. ತನ್ನ ಮನೆಯ ಅಕ್ಕಿಯಲ್ಲಿ ಹುಳವಿದೆ ಎಂದು ಒಪ್ಪಿಕೊಂಡ ಗೃಹಿಣಿ ಹಳೇಬೀಡಿನಲ್ಲಿ ಹುಟ್ಟಿರಲಿಲ್ಲ. ಹುಳ ಹಿಡಿದ ಧಾನ್ಯವನ್ನು ಎಲ್ಲರೂ ಬೀದಿಬಾಗಿಲು ಹಾಕಿಕೊಂಡು ಹಿತ್ತಲಿನಲ್ಲೇ ಹರವುತ್ತಿದ್ದರು, ಅಲ್ಲೇ ಜರಡಿ ಹಿಡಿಯುತ್ತಿದ್ದರು. ಗುಬ್ಬಿಗಳು ಮಾತ್ರ ಹಿತ್ತಲಿಂದ ಹಿತ್ತಲಿಗೆ ಹಾರಿ ಎಲ್ಲರ ಮನೆಯ ಹುಳವನ್ನೂ ಆರಿಸಿ ತಿಂದು, ಯಾರ ಗುಟ್ಟನ್ನೂ ಯಾರಿಗೂ ಹೇಳದೆ ಇರುತ್ತಿದ್ದವು. ಸೀತತ್ತೆಯಂತೂ 'ನಮ್ಮ ಉಗ್ರಾಣದಲ್ಲಿ ಹುಳ ಅನ್ನೋದೇ ಇಲ್ಲ' ಎಂಬ ಮಾತನ್ನು ರಾಜರು ಬಿರುದನ್ನು ಧರಿಸುವಂತೆ ಧರಿಸಿದ್ದಳು.

ರಾಜರ ಮಾತು ಬಂತು ನೋಡಿ. ಮೇಷ್ಟರ ಕೆಲಸದ ಜೊತೆಗೆ, ಹೊರಗಿನಿಂದ ಬಂದವರಿಗೆ ದೇವಾಲಯ ತೋರಿಸುವ ಕೆಲಸವೂ ನನ್ನ ಕೊರಳಿಗೇ ಬೀಳುತ್ತಿತ್ತು. ಆನೆಯ ಸಾಲು, ಕುದುರೆಯ ಸಾಲು, ಹಂಸದ ಸಾಲು ಎಂದು ತೋರಿಸುತ್ತಾ ಸುತ್ತು ಬರುವಾಗ ನನಗೆ ಒಂದು ವಿಷಯ ಹೊಳೆಯುತ್ತಿತ್ತು. ಕಣ್ಣಿಗೆ ಬಿದ್ದ ಜೀವಿಯನ್ನೆಲ್ಲ ಕೆತ್ತಿದ ಆ ಶಿಲ್ಪಿಗಳು ಸೊಂಡಿಲು ಹುಳವನ್ನು ಮಾತ್ರ ಬಿಟ್ಟಿದ್ದಾರೆ. ಆನೆಗೊಂದು ಸೊಂಡಿಲಾದರೆ ಇದಕ್ಕೂ ಒಂದಿದೆ. ಆನೆ ತುಳಿದು ಹಾಳುಮಾಡಿದ ಫಸಲಿಗಿಂತ ಇದು ಕೂತು ಹಾಳುಮಾಡಿದ್ದೇ ಹೆಚ್ಚಿರಬೇಕು. ದೇವರಿಗೆ ಇಷ್ಟು ಖಂಡುಗ ಭತ್ತ ಬಿಟ್ಟಿದ್ದೇವೆ, ಇದಕ್ಕೆ ಅಳುಪಿದವರು, ಎಂದರೆ ಆಸೆಪಟ್ಟು ಕೈಹಾಕಿದವರು, ಗಂಗೆಯ ದಡದಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂದು ಶಾಸನಗಳು ಹೆದರಿಸುತ್ತವೆ. ಹುಳ ಆ ಭತ್ತಕ್ಕೂ ಅಳುಪಿರುತ್ತದೆ, ಅನುಮಾನ ಬೇಡ. ಓದು ಬರುವವರಿಗೆ ಮಾತ್ರ ಶಾಪದ ಹೆದರಿಕೆ.

ಇನ್ನು ನಮ್ಮ ಬಾಗಿಲ ತೆನೆಯ ವಿಷಯ ಹೇಳಬೇಕು. ಸುಗ್ಗಿಯಲ್ಲಿ ಗದ್ದೆ ಕೊಯ್ಯುವಾಗ, ಬಿತ್ತನೆಗೆಂದು ಆರಿಸಿದ ಒಳ್ಳೆಯ ತೆನೆಗಳಲ್ಲೇ ಒಂದು ಹಿಡಿ ತೆಗೆದು ಗೊಂಚಲಾಗಿ ಹೆಣೆದು, ಪೂಜೆ ಮಾಡಿ ಬೀದಿಬಾಗಿಲ ಮೇಲೆ ತೂಗುಹಾಕುವುದು ನಮ್ಮಲ್ಲಿ ರೂಢಿ. ಅದು ಗುಬ್ಬಿಗಳ ಪಾಲು. ನಮ್ಮ ಮನೆಯ ಗುಬ್ಬಿಗಳಿಗೆ ಊಟಕ್ಕೆ ಬಾಗಿಲಿನ ತೆನೆಯಾದರೆ, ವಾಸಕ್ಕೆ ಪಡಸಾಲೆಯಲ್ಲಿದ್ದ ನಮ್ಮ ತಾತನ ಪಟದ ಹಿಂಭಾಗ. ಬದುಕಿದ್ದಾಗ ಯಾರನ್ನೂ ಹತ್ತಿರ ಸೇರಿಸದ ತಾತ, ಪಟವಾದ ಮೇಲೆ ಬೆನ್ನಿನ ಹಿಂದೆ ಒಂದು ಸಂಸಾರವನ್ನೇ ಇಟ್ಟುಕೊಂಡು ಸುಮ್ಮನಿದ್ದರು.

ಆ ವರ್ಷ ಶಾರದೆ ಬಸುರಿ. ಹಿಂದೊಮ್ಮೆ ಬೇಲೂರಿನಲ್ಲಿ, ಅವಳ ತವರುಮನೆಯಲ್ಲಿ, ನಮ್ಮ ಮೊದಲ ಮಗು ಕಣ್ಣು ಬಿಡದೆಯೇ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅದನ್ನು ನೆನೆಯದ ದಿನವೂ ಇರಲಿಲ್ಲ. ಬೇಸಿಗೆ ಶುರುವಾಗುವಾಗ ಗುಬ್ಬಿಗಳು ಪಟದ ಹಿಂದೆ ಹುಲ್ಲು ತುರುಕತೊಡಗಿದ್ದನ್ನು ಕಂಡು ಅತ್ತೆ, 'ಬಸುರಿ ಇರೋ ಮನೇಲಿ ಗುಬ್ಬಿ ಗೂಡು ಕಟ್ಟಿದ್ರೆ ಎಲ್ಲಾ ಸಲೀಸಾಗುತ್ತೆ ಕಣೇ' ಎಂದುಬಿಟ್ಟಳು. ಸಮಾಧಾನಕ್ಕೆ ಹೇಳಿದ ಮಾತು. ಆದರೆ ಶಾರದೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಬೆಳಿಗ್ಗೆ ಎದ್ದ ಕೂಡಲೇ ಪಟದ ಕಡೆ ನೋಡುವಳು. ಮೊಟ್ಟೆಗಳು ಒಡೆದು ಮರಿಗಳ ಚಿಲಿಪಿಲಿ ಕೇಳಿದ ದಿನ, ಎಷ್ಟೋ ತಿಂಗಳ ಮೇಲೆ ಅವಳು ತಾನಾಗಿ ಒಂದು ಹಾಡಿನ ಸಾಲನ್ನು ಗುನುಗಿದ್ದನ್ನು ಕೇಳಿದೆ. ನನಗೆ ಸಂತೋಷವಾಗಲಿಲ್ಲ, ಭಯವಾಯಿತು. ನಮ್ಮ ಆಸೆಯನ್ನೆಲ್ಲ ತಂದು ಒಂದು ಹಿಡಿ ಹುಲ್ಲಿನ ಮೇಲೆ ಇಟ್ಟಂತಾಯಿತಲ್ಲ ಎಂದು.

ಹೀಗಿರುವಾಗ ಊರಿಗೆ ಗ್ರಾಮಸೇವಕ ಬಸವರಾಜು ಬಂದ. ಚಟುವಟಿಕೆಯ ಹುಡುಗ, ತೋಳು ಮಡಚಿದ ಬಿಳಿಯ ಷರಟು. ಶಾಲೆಯ ಬಯಲಲ್ಲಿ ಜನರನ್ನು ಸೇರಿಸಿ, ಕಾಳಿಗೆ ಹುಳ ಬೀಳದ ಹಾಗೆ ಮಾಡುವ ಒಂದು ಬಿಳಿಯ ಪುಡಿ ತೋರಿಸಿದ. ಅದರ ಸರಿಯಾದ ಹೆಸರು ಏನೋ, ಊರಿನ ಬಾಯಲ್ಲಿ ಆಗ ಅಂಥ ಪುಡಿಗಳೆಲ್ಲ ಡಿಡಿಟಿ. ಒಂದು ಮೊರ ಕುಟ್ಟೆ ಹಿಡಿದ ಅವರೆಗೆ ಅದನ್ನು ಉದುರಿಸಿ ತೋರಿಸಿದಾಗ ಕುಟ್ಟೆಗಳು ಬೆನ್ನಡಿಯಾಗಿ ಕಾಲು ಆಡಿಸಿ ಸುಮ್ಮನಾದವು. ಹೆಂಗಸರ ಗುಂಪಿನ ಮುಂದೆ ನಿಂತಿದ್ದ ಸೀತತ್ತೆಯ ಮುಖ ನೋಡಬೇಕಿತ್ತು! ದೇವಿ ಮಹಿಷಾಸುರನನ್ನು ಕೆಡವಿದ್ದನ್ನು ಕಣ್ಣಾರೆ ಕಂಡವಳ ಮುಖ.

ಬಸವರಾಜು ಎಚ್ಚರಿಕೆಯನ್ನು ಸ್ಪಷ್ಟವಾಗಿಯೇ ಹೇಳಿದ. ಅವನನ್ನು ದೂರುವಂತಿಲ್ಲ.

'ಅಮ್ಮಾವ್ರೇ, ಚೆನ್ನಾಗಿ ಕೇಳ್ಕಳಿ. ಇದು ಬಿತ್ನೆ ಬೀಜಕ್ಕೆ ಮಾತ್ರ. ಉಣ್ಣೋ ಕಾಳಿಗೆ ಹಾಕಂಗಿಲ್ಲ. ಬರಿಗೈಲಿ ಮುಟ್ಬ್ಯಾಡಿ, ಮೂಗಿಗೆ ಬಟ್ಟೆ ಕಟ್ಕಳಿ. ಪುಡಿ ಹಾಕಿದ್ ಬೀಜ ದನಕ್ಕೆ, ಕೋಳಿಗೆ ಸಿಗ್ದಂಗೆ ಎತ್ತಿಡಿ.'

ದನದ ಹೆಸರು ಬಂತು, ಕೋಳಿಯ ಹೆಸರು ಬಂತು. ಗುಬ್ಬಿಯ ಹೆಸರು ಬರಲಿಲ್ಲ. ಗುಬ್ಬಿಗೆ ಒಡೆಯರು ಯಾರೂ ಇಲ್ಲವಲ್ಲ, ಕೇಳುವವರು ಯಾರು?

ಅತ್ತೆ ಪುಡಿ ತಂದಳು. ನಾನು ಎರಡು ದಿನ ಅವಳ ಹಿಂದೆ ಮುಂದೆ ಸುತ್ತಿದೆ. ಆದರೆ ಅವಳು ನನಗಿಂತ ಜೋಪಾನವಾಗಿದ್ದಳು. ಮೂಗು ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿದಳು, ಮರದ ಸೌಟಿನಲ್ಲಿ ಪುಡಿ ತೆಗೆದಳು, ಬಿತ್ತನೆಯ ಭತ್ತಕ್ಕೂ ಬಿತ್ತನೆಯ ಅವರೆಗೂ ಬೆರೆಸಿ ಬುಟ್ಟಿಗಳ ಬಾಯಿ ಸಗಣಿಯಿಂದ ಸಾರಿಸಿ ಅಟ್ಟಕ್ಕೆ ಏರಿಸಿದಳು. ತಿನ್ನುವ ಅಕ್ಕಿಯ ಹತ್ತಿರ ಪುಡಿಯ ಗಾಳಿಯನ್ನೂ ಸುಳಿಯಗೊಡಲಿಲ್ಲ. ಅಕ್ಕಿಯನ್ನೂ ಕಾಳನ್ನೂ ಎಂದಿನ ಹಾಗೆ ಹಿತ್ತಲ ಬಿಸಿಲಿಗೆ ಹರವಿ, ಜರಡಿ ಹಿಡಿದು, ಗುಡಾಣಗಳನ್ನು ತಿಕ್ಕಿ ತೊಳೆದು ತುಂಬಿದಳು. ನನ್ನ ಚಿಂತೆಗೆ ಕೆಲಸವೇ ಇಲ್ಲದಂತಾಯಿತು. ಹಾಗಾದಾಗ ನನಗೆ ಇನ್ನೂ ಚಿಂತೆ.

ಮಾರನೆಯ ದಿನ ಶಾರದೆಯ ಔಷಧಿಗೆಂದು ಬೆಳಗಿನ ಬಸ್ಸಿಗೆ ಬೇಲೂರಿಗೆ ಹೋದವನು ಮಧ್ಯಾಹ್ನ ಹಿಂತಿರುಗಿದೆ. ಬೇಸಿಗೆ ರಜೆ, ಬೀದಿಯೆಲ್ಲ ಬಿಸಿಲು. ಜಗಲಿ ಹತ್ತುವಾಗ ಯಾವುದೋ ಕಮಟು ವಾಸನೆ ಮೂಗಿಗೆ ಬಡಿಯಿತು. ತಲೆಯೆತ್ತಿದೆ. ಬಾಗಿಲ ಮೇಲಿನ ತೆನೆಯ ಗೊಂಚಲು ವಿಭೂತಿ ಬಳಿದುಕೊಂಡಂತೆ ಬೆಳ್ಳಗಿತ್ತು.

'ಅತ್ತೆ, ಏನಿದು?'

'ಕಾಣಲ್ವೇನೋ? ತೆನೆಗೆ ಹುಳ ಹತ್ತಿತ್ತು. ದಿನಾ ಹೊಸಿಲ ಮೇಲೆ ಹಿಟ್ಟು ಉದುರೋದು. ಲಕ್ಷ್ಮಿ ಬರೋ ಬಾಗಿಲು ಅದು.'

'ಉಣ್ಣೋ ಕಾಳಿಗೆ ಹಾಕಬೇಡಿ ಅಂತ ಅವನು ಬಡಕೊಳ್ಳಲಿಲ್ಲವೇ?'

'ಅದನ್ನ ನಾವೆಲ್ಲಿ ಉಣ್ತೀವೋ? ಅದು ಬಿತ್ತನೆ ತೆನೆ.'

'ಗುಬ್ಬಿ ಉಣ್ಣುತ್ತಲ್ಲ ಅತ್ತೆ!'

'ಅವುಕ್ಕೋಸ್ಕರವೇ ಹಾಕಿದ್ದು ಕಣೋ. ಪಾಪ, ಕಾಳೆಲ್ಲ ಹುಳ ತಿಂದು ಅವುಗಳ ಪಾಲಿಗೆ ಬರೀ ಹೊಟ್ಟು ಉಳೀತಿತ್ತು. ಹುಳ ತಿಂದು ಬಿಟ್ಟಿದ್ದನ್ನ ನಾವು ತಿಂತೀವಾ? ಅವು ಮಾತ್ರ ಯಾಕೆ...'

ಮಾತು ಅಲ್ಲಿಗೇ ನಿಂತಿತು. ತಾನು ಹೇಳುತ್ತಿದ್ದುದನ್ನು ತಾನೇ ಕೇಳಿಸಿಕೊಂಡವಳಂತೆ ಅವಳು ನನ್ನನ್ನು ನೋಡಿದಳು. ಕೆಟ್ಟತನದಿಂದ ಮಾಡಿದ್ದಾದರೆ ಕೂಗಾಡಬಹುದಿತ್ತು. ಪ್ರೀತಿಯಿಂದ ವಿಷವಿಟ್ಟವಳಿಗೆ ಏನೆಂದು ಬೈಯುವುದು? ನಾನು ಏಣಿ ತರಲು ಹಿತ್ತಲಿಗೆ ಓಡಿದೆ.

ಏಣಿ ತರುವಷ್ಟರಲ್ಲಿ ಗಂಡು ಗುಬ್ಬಿ ಜಗಲಿಯ ಮೇಲೆ ಬಿದ್ದಿತ್ತು. ಕೊರಳಿನ ಕೆಳಗೆ ಕಪ್ಪು ಮಚ್ಚೆಯಿದ್ದ, ದಿನವೂ ನನ್ನ ಕನ್ನಡಕದ ಡಬ್ಬಿಯ ಮೇಲೆ ಕೂತು ಕೂಗಾಡುತ್ತಿದ್ದ ಅದೇ ಗುಬ್ಬಿ. ಗರಿಯೆಲ್ಲ ಕೆದರಿ ಮೈ ಗಡಗಡ ನಡುಗುತ್ತಿತ್ತು. ಅತ್ತೆ ಅದನ್ನು ಅಂಗೈಯಲ್ಲಿ ಎತ್ತಿಕೊಂಡು ತುಳಸಿಯ ನೀರು ಬಿಟ್ಟಳು. ನೀರು ಕೊಕ್ಕಿನ ಪಕ್ಕಕ್ಕೆ ಹರಿದುಹೋಯಿತು. 'ಕುಡಿಯೋ, ನನ್ನಪ್ಪ, ಕುಡಿಯೋ' ಎಂದು ಅವಳು ಬೇಡಿಕೊಳ್ಳುತ್ತಿರುವಾಗಲೇ ನಡುಕ ನಿಂತಿತು. ತಲೆಯೆತ್ತಿದರೆ ಬಾಗಿಲಲ್ಲಿ ಶಾರದೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಂದು ಕೈ ಬಾಗಿಲಿನ ಮೇಲೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಹಾಗೇ ಒಳಗೆ ಹೋದಳು.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನಗುನಗುತ್ತಾ ವಿವರಿಸಿದ್ದೆ. ಆಮೇಲೆ ಅದನ್ನು ಪಾಠ ಮಾಡುವಾಗಲೆಲ್ಲ ಬೇಗ ಬೇಗ ಮುಂದಿನ ಗಾದೆಗೆ ಹೋಗುತ್ತಿದ್ದೆ.

ಬಸವರಾಜುವನ್ನು ಹುಡುಕಿಕೊಂಡು ಓಡಿದೆ. ಅವನು ಬಸ್ಸಿಗೆ ಕಾಯುತ್ತಾ ನಿಂತಿದ್ದ. ವಿಷಯ ಕೇಳಿ ಬಸ್ಸನ್ನು ಬಿಟ್ಟು ನನ್ನ ಜೊತೆಯಲ್ಲೇ ಬಂದ. ತೆನೆಯನ್ನೂ ಸತ್ತ ಹಕ್ಕಿಯನ್ನೂ ಕೆರೆಯಿಂದ ದೂರ, ಕೋಳಿ ಕೆದಕದಷ್ಟು ಆಳಕ್ಕೆ ಹೂಳಿಸಿದ. ಹೊಸಿಲು, ಜಗಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಹೂಳಿಸಿದ. 'ನಂಗೆ ಗುಬ್ಬಿ ಹೊಳೀಲೇ ಇಲ್ಲ ಸಾರ್' ಎಂದು ಕೈ ತೊಳೆದುಕೊಳ್ಳುತ್ತಾ ಹೇಳಿದ. ಆಮೇಲೆ ನಾನು ಕೇಳಬಾರದೆಂದುಕೊಂಡಿದ್ದ ಪ್ರಶ್ನೆಯನ್ನು ಅವನೇ ಕೇಳಿದ.

'ಹೆಣ್ಣು ಗುಬ್ಬಿ ತಿಂದೈತಾ ಸಾರ್?'

ಯಾರಿಗೆ ಗೊತ್ತು? ಹೆಣ್ಣು ಗುಬ್ಬಿ ಬಾಗಿಲಿನ ತಂಟೆಗೆ ಹೋಗದೆ ಕಿಟಕಿಯಿಂದ ಹೊರಗೆ ಹಾರುವುದು, ಒಳಗೆ ಬರುವುದು ಮಾಡುತ್ತಿತ್ತು. ಪ್ರತಿ ಸಲ ಹೋದಾಗಲೂ ಇನ್ನು ಬರುವುದಿಲ್ಲವೇನೋ ಎಂದು ನಾವು ಮೂವರೂ ಕಿಟಕಿಯ ಕಡೆ ನೋಡುತ್ತಾ ಕೂರುತ್ತಿದ್ದೆವು. ಬಂದರೆ, ಮೈ ನಡುಗುತ್ತಿದೆಯೇ ಎಂದು ನೋಡುತ್ತಿದ್ದೆವು. ಗಾಳಿಗೆ ಒಂದು ಗರಿ ಅಲುಗಿದರೂ ನಾನು ಎದ್ದು ನಿಲ್ಲುತ್ತಿದ್ದೆ. ಶಾರದೆ ಪಟದ ಕೆಳಗೆ ಚಾಪೆ ಹಾಕಿಕೊಂಡು ಕೂತವಳು ಅಲ್ಲಿಂದ ಏಳಲಿಲ್ಲ. ಮರುದಿನ ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಒಂದು ತುತ್ತು ಕಲಸಿ ಹಾಗೇ ಬಿಟ್ಟೆದ್ದಳು.

'ಮರಿಗಳ ಕೂಗು ಸಣ್ಣಗಾಗ್ತಿದೆ ಅತ್ತೆ' ಎಂದಳು.

ಅತ್ತೆಗೂ ಅದು ಕೇಳಿಸಿತ್ತು. 'ಕಾಳು ಮರಿಗೆ ದಕ್ಕಲ್ಲ ಕಣೋ, ಹುಳಾನೇ ಬೇಕು' ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. 'ಇಬ್ಬರು ತರೋದನ್ನ ಒಬ್ಬಳೇ ತರಬೇಕು. ಈ ಬಿಸಿಲಲ್ಲಿ ಹೊಲ ಗದ್ದೆ ಎಲ್ಲಾ ಒಣಗಿ ಬಿದ್ದಿದೆ. ಎಷ್ಟು ದೂರ ಅಂತ ಹೋಗ್ತಾಳೆ? ಅಂಗಳದಲ್ಲೇ ಹುಳ ಸಿಕ್ಕಿದ್ರೆ...'

ಆದರೆ ನಮ್ಮ ಅಂಗಳದಲ್ಲಿ ಹುಳವೆಲ್ಲಿ? ಹರವಿ, ಜರಡಿ ಹಿಡಿದು, ತೊಳೆದು ಮುಗಿದಿತ್ತು. ಬಿತ್ತನೆಯ ಬುಟ್ಟಿಯಲ್ಲಿ ಸತ್ತುಬಿದ್ದಿದ್ದ ಹುಳಗಳಂತೂ ಗುಬ್ಬಿಯ ಕಣ್ಣಿಗೂ ಬೀಳಬಾರದು. ನಮ್ಮ ಉಗ್ರಾಣದಲ್ಲಿ ಹುಳವಿಲ್ಲ ಎಂದು ಅತ್ತೆ ಜೀವಮಾನವೆಲ್ಲ ಹೇಳಿಕೊಂಡು ಬಂದದ್ದು ಈಗ ನಿಜವಾಗಿ ಕೂತಿದೆ ಎಂದು ನಾನು ತಿಳಿದೆ. ಕೈಚೀಲ ಹಿಡಿದು ಹುಳ ಬೇಡಲು ಹೊರಟೆ.

ಬೇಡುವುದರಲ್ಲಿ ಇದಕ್ಕಿಂತ ಕಷ್ಟದ ಬೇಡಿಕೆ ಇನ್ನೊಂದಿಲ್ಲ. ಹಣ ಕೇಳಿದರೆ ಇಲ್ಲವೆನ್ನುತ್ತಾರೆ, ಅಷ್ಟೆ. ಹುಳ ಕೇಳಿದರೆ ಮಾನ ತೆಗೆದ ಹಾಗೆ. ಪಕ್ಕದ ಮನೆಯ ಪುಟ್ಟಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

'ಹುಳಾನಾ? ನಮ್ಮನೇಲಾ? ಯಾರ್ ಮೇಷ್ಟ್ರೇ ನಿಮ್ಗೆ ಹೇಳಿದ್ದು? ಆ ಮೂಲೆ ಮನೆಯೋಳಾ? ಅವಳ ಮನೇಲಿ ಹೋಗಿ ನೋಡಿ, ಅಕ್ಕಿ ತಾನಾಗೇ ನಡ್ಕಂಡ್ ಒಲೆ ತಾವ ಬತ್ತದೆ!'

ಮೂಲೆಮನೆಗೆ ಹೋದೆ. ಅವರು ಅಷ್ಟೇ ಖಚಿತವಾಗಿ ಪುಟ್ಟಮ್ಮನ ಮನೆಯನ್ನು ತೋರಿಸಿದರು. ಕೊನೆಗೆ ಶಿವಣ್ಣನವರ ಅಂಗಡಿ. ಅವರ ಬೇಳೆಯಲ್ಲಿ ಹುಳವಿದೆ ಎಂದು ಯುಗಾದಿಯ ಸಮಯದಲ್ಲಿ ನಾನೇ ಜಗಳವಾಡಿ ಬಂದಿದ್ದೆ. ಅದಕ್ಕೇ ಭರವಸೆಯಿಂದ ಹೋದೆ.

'ಶಿವಣ್ಣನವರೇ, ಹುಳ ಹಿಡಿದ ಅಕ್ಕಿ ಇದ್ದರೆ ಒಂದು ಸೇರು ಕೊಡಿ.'

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶಿವಣ್ಣನವರು ತಕ್ಕಡಿ ಕೆಳಗಿಟ್ಟರು. 'ಯಾಕ್ ಸ್ವಾಮಿ, ಹಬ್ಬದಲ್ಲಿ ಅಂದಿದ್ದು ಸಾಲ್ದಾ? ನಮ್ಮಪ್ಪ, ನಮ್ಮಜ್ಜನ ಕಾಲದ ಅಂಗಡಿ ಇದು. ಇಲ್ಲಿ ಹುಳ ಅನ್ನೋ ಮಾತೇ ಇಲ್ಲ.' ಒಳ್ಳೆಯ ಅಕ್ಕಿಯ ಬೆಲೆಯನ್ನೇ ಕೊಡುತ್ತೇನೆ ಎಂದೆ. ಅದು ಇನ್ನೂ ಕೆಟ್ಟದಾಯಿತು. ಬೇಡದಿದ್ದಾಗ ಪ್ರತಿ ತುತ್ತಿನಲ್ಲೂ ಸಿಗುತ್ತಿದ್ದ ಹುಳ, ಬೇಕಾದಾಗ ಇಡೀ ಹಳೇಬೀಡಿನಲ್ಲಿ ಒಂದೂ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಎಂದು ನಾನು ಕಣ್ಣೊರೆಸಿಕೊಂಡೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. 'ಸಿಕ್ತೇನೋ?'

'ಈ ಊರಲ್ಲಿ ಹುಳವೇ ಇಲ್ಲವಂತೆ.'

ಅವಳು ನನ್ನ ಖಾಲಿ ಚೀಲವನ್ನು ನೋಡಿದಳು. ಆಮೇಲೆ ಉಗ್ರಾಣಕ್ಕೆ ಹೋಗಿ, ಮೂಲೆಯಲ್ಲಿ ಮಡಿಬಟ್ಟೆ ಮುಚ್ಚಿಟ್ಟಿದ್ದ ಒಂದು ಗುಡಾಣವನ್ನು ಅಪ್ಪಿ ಹಿಡಿದು ತಂದಳು. ಅದು ಹಳೆಯ ಅಕ್ಕಿ. ಹೊಸ ಅಕ್ಕಿಯ ಅನ್ನ ಬಾಣಂತಿಗೆ ಆಗದು ಎಂದು, ಹಿಂದಿನ ವರ್ಷದ ಬೆಳೆಯಲ್ಲಿ ಶಾರದೆಗಾಗಿ ತೆಗೆದಿಟ್ಟದ್ದು. ಅದನ್ನು ಜರಡಿ ಹಿಡಿಯಲಿಕ್ಕೂ ಅವಳು ಹೊರಗೆ ತೆಗೆದಿರಲಿಲ್ಲ.

'ಇದರ ಹತ್ತಿರ ಪುಡಿ ಸುಳಿದಿಲ್ಲ ಕಣೋ. ಬರೀ ಬೇವಿನ ಸೊಪ್ಪು' ಎಂದಳು. ಆಮೇಲೆ ನೆಲ ನೋಡುತ್ತಾ, 'ಹುಳ ಇದೆ. ತುಂಬಾ ಇದೆ. ಯಾವತ್ತಿನಿಂದಲೋ ಇದೆ. ಎಲ್ಲಾ ಬಿಟ್ಟು ಈ ಹುಡುಗಿ ಅಕ್ಕಿಗೇ ಹುಳ ಬಿತ್ತಲ್ಲ ಅಂತ ನನಗೆ ಬಾಯಿಬಿಡೋಕೆ ಆಗಲಿಲ್ಲ. ಹೊರಗೆ ಹರವಿದ್ರೆ ಇವಳು ನೋಡ್ತಾಳೆ. ಇವಳ ಮನಸ್ಸು ಮೊದಲೇ...' ಎಂದಳು.

ನಾನು ಹಿತ್ತಲ ಕಡೆಗೆ ಚಾಪೆ ತೆಗೆದುಕೊಂಡು ಹೊರಟೆ. ಅತ್ತೆ ತಡೆದಳು. ಪಡಸಾಲೆಯ ಕಿಟಕಿ ಇದ್ದದ್ದು ಬೀದಿಯ ಕಡೆಗೆ. ಗುಬ್ಬಿ ಹಾರುತ್ತಿದ್ದುದೂ ಅತ್ತಲೇ. ಸೀತತ್ತೆ ಹಾಡುಹಗಲಲ್ಲಿ, ಜಗಲಿಯ ಮುಂದೆ, ಬೀದಿಗೆಲ್ಲ ಕಾಣುವ ಹಾಗೆ ಚಾಪೆ ಹಾಸಿ ಅರ್ಧ ಗುಡಾಣ ಅಕ್ಕಿ ಸುರಿದಳು. ಬಿಸಿಲು ತಾಗಿದ್ದೇ ತಡ, ಬಿಳಿಯ ಅಕ್ಕಿಯ ಮೇಲೆ ಕಂದು ಚುಕ್ಕೆಗಳು ಎಲ್ಲ ದಿಕ್ಕಿಗೂ ಹರಿದವು. ಎಳೆಯ ಬಿಳಿ ಹುಳಗಳೂ ಕಾಣಿಸಿಕೊಂಡವು. ಪುಟ್ಟಮ್ಮ ಬಾಗಿಲಿಗೆ ಬಂದು ಮೂಗಿನ ಮೇಲೆ ಬೆರಳಿಟ್ಟಳು.

'ಅಯ್ಯೋ ಸೀತಮ್ಮಾರೇ! ನಿಮ್ಮನೇಲಿ ಹುಳ!'

'ಹೂಂ ಕಣೇ' ಎಂದಳು ಅತ್ತೆ. 'ಹುಳಾನೇ. ಗುಬ್ಬಿ ಮರಿಗೆ ಬೇಕು.'

ಪುಟ್ಟಮ್ಮ ಸರಕ್ಕನೆ ಒಳಗೆ ಹೋದಳು. ಮುಗಿಯಿತು, ಸಂಜೆಯೊಳಗೆ ಊರೆಲ್ಲ ಟಾಂ ಟಾಂ ಎಂದುಕೊಂಡೆ. ಅವಳು ತಿರುಗಿ ಬಂದಾಗ ಕೈಯಲ್ಲಿ ಒಂದು ಮೊರವಿತ್ತು. 'ನಮ್ದೂ ಒಂಚೂರ್ ಐತೆ, ಹಿಟ್ಟಿಂದು. ಬಿಳೀ ಹುಳ, ಮೆತ್ತಗವೆ. ಆಯ್ತದಾ ನೋಡಿ' ಎಂದು ಚಾಪೆಯ ಅಂಚಿಗೆ ಸುರಿದಳು. ಸ್ವಲ್ಪ ಹೊತ್ತಿಗೆ ಮೂಲೆಮನೆಯಿಂದಲೂ ಒಂದು ಮೊರ ಬಂತು. ಬಿಸಿಲು ಇಳಿಯುವ ಮೊದಲು ಶಿವಣ್ಣನವರ ಅಂಗಡಿಯ ಆಳು ಒಂದು ಪೊಟ್ಟಣ ತಂದುಕೊಟ್ಟ. ಕಳಿಸಿದವರು ಯಾರೆಂದು ಹೇಳಬಾರದು ಅಂತ ಶಿವಣ್ಣನವರು ಹೇಳಿದ್ದಾರೆ ಎಂದೂ ಹೇಳಿಹೋದ.

ನಾವು ಬಾಗಿಲ ಮರೆಯಲ್ಲಿ ನಿಂತೆವು. ಹೆಣ್ಣು ಗುಬ್ಬಿ ಕಿಟಕಿಯ ಸರಳಿಗೆ ಬಂದು ಕೂತು ಚಾಪೆಯನ್ನು ಅನುಮಾನದಿಂದ ನೋಡಿತು. ಅದರ ಅನುಮಾನಕ್ಕೆ ಕಾರಣವಿತ್ತು. ಇಳಿಯಿತು, ಹಾರಿತು, ಮತ್ತೆ ಇಳಿಯಿತು. ಒಂದು ಬಿಳಿಯ ಹುಳವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ತಾತನ ಪಟದ ಹಿಂದೆ ನುಸುಳಿತು. ಒಳಗಿನಿಂದ ಮರಿಗಳು ಒಟ್ಟಾಗಿ ಕಿರುಚಿಕೊಂಡವು. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಳುತ್ತಿದ್ದಳು. ಎಷ್ಟೋ ಹೊತ್ತಾದ ಮೇಲೆ ಶಾರದೆ ನನ್ನ ಕಡೆ ತಿರುಗಿ, 'ಏನೂಂದ್ರೆ, ಹಸಿವಾಗ್ತಿದೆ' ಎಂದಳು.

ಆಮೇಲಿನ ದಿನಗಳಲ್ಲಿ ಚಿಂತೆ ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮರಿಗಳಿಗೆ ಗರಿ ಬಂದಾಗ ಬೆಕ್ಕಿನ ಚಿಂತೆ, ಹಾರಲು ಕಲಿತಾಗ ಕಾಗೆಯ ಚಿಂತೆ. ಹಾರಿಹೋದ ಮೇಲೆ, ಪುಡಿ ಹಚ್ಚಿದ ಭತ್ತವನ್ನು ಸಸಿಮಡಿಗೆ ಚೆಲ್ಲುವಾಗ ಹಕ್ಕಿಗಳು ಹೆಕ್ಕಿದರೆ ಗತಿಯೇನು ಎಂಬ ಚಿಂತೆ. ಬಸವರಾಜುವನ್ನು ಕೇಳಿದರೆ ಅವನೂ ತಲೆ ಕೆರೆದುಕೊಂಡ. ಕೊನೆಗೆ ಅತ್ತೆ ಆ ಬೀಜವನ್ನು ಬಿತ್ತುವುದೇ ಬೇಡವೆಂದು ಹಟ ಹಿಡಿದು ತೆನೆ ಹೂಳಿದ್ದ ಜಾಗದಲ್ಲೇ ಅದನ್ನೂ ಹೂಳಿಸಿ, ಪುಟ್ಟಮ್ಮನ ಮನೆಯಿಂದ ಬಿತ್ತನೆಯ ಭತ್ತ ತಂದಳು. ಅದರಲ್ಲಿ ಹುಳವಿತ್ತು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಮಳೆಗಾಲದಲ್ಲಿ ನಮಗೆ ಮಗಳು ಹುಟ್ಟಿದಳು. ಕಣ್ಣು ಬಿಟ್ಟಳು, ಕಿರುಚಿದಳು, ಊರಿಗೆಲ್ಲ ಕೇಳುವ ಹಾಗೆ. ಬಾಣಂತಿಯ ಅಡುಗೆಗೆ ಗುಡಾಣದಲ್ಲಿ ಉಳಿದಿದ್ದ ಹಳೆಯ ಅಕ್ಕಿ ಹೊರಬಂತು. ಅದನ್ನು ಬೇಯಿಸುವುದಕ್ಕೆ ಮೊದಲು ಸೀತತ್ತೆ ಒಂದು ಹೊಸ ಪದ್ಧತಿ ಇಟ್ಟುಕೊಂಡಳು. ರಾಜರು ಊಟಕ್ಕೆ ಮೊದಲು ಇನ್ನೊಬ್ಬರಿಗೆ ತಿನ್ನಿಸಿ ವಿಷವಿದೆಯೇ ಎಂದು ನೋಡುತ್ತಿದ್ದರಂತಲ್ಲ, ಹಾಗೆ. ಒಂದು ಹಿಡಿ ಅಕ್ಕಿಯನ್ನು ಮೊರಕ್ಕೆ ಹಾಕಿ, ಕಣ್ಣು ಕಿರಿದು ಮಾಡಿ ಒಂದು ಹುಳವನ್ನು ಹುಡುಕಿ, ಬೆರಳ ತುದಿಯಿಂದ ಅದನ್ನು ಮುಟ್ಟುವಳು. ಈ ಹುಳಕ್ಕೆ ಒಂದು ಕೆಟ್ಟ ಅಭ್ಯಾಸ. ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತ ಹಾಗೆ ಬಿದ್ದುಬಿಡುತ್ತದೆ. ಅದು ಮತ್ತೆ ಏಳುವವರೆಗೆ ಒಲೆಯ ಮೇಲೆ ಎಸರು ಕುದಿಯುತ್ತಿರುತ್ತಿತ್ತು, ಅತ್ತೆ ಉಸಿರು ಬಿಗಿಹಿಡಿದು ಮೊರದ ಮುಂದೆ ಕೂತಿರುತ್ತಿದ್ದಳು, ನಾನು ಅವಳ ಹಿಂದೆ ಬಗ್ಗಿ ನಿಂತಿರುತ್ತಿದ್ದೆ.

'ಅತ್ತೆ, ಹೊಟ್ಟೆ ಹಸೀತಿದೆ' ಎಂದು ಶಾರದೆ ಬಾಣಂತಿ ಕೋಣೆಯಿಂದ ಕೂಗುವಳು.

'ಇರು ಕಣೇ, ಇನ್ನೂ ಎದ್ದಿಲ್ಲ.'

ಆಮೇಲೆ ಅತ್ತೆಯ ಧ್ವನಿ ಮನೆಯೆಲ್ಲ ತುಂಬುವುದು.

'ಎದ್ದಿತು ಕಣೇ ಶಾರದಾ! ನಡೀತಾ ಇದೆ! ಇಗೋ, ಅನ್ನಕ್ಕಿಟ್ಟೆ.'